ಹೊಟ್ಟೆ ಕೆಟ್ಟಾಗ ಯಾವ ಡಬ್ಬಿಗೆ ಕೈ ಹಾಕಬೇಕು?

ಹೋದ ವರ್ಷ ಒಂದು ಗೃಹಪ್ರವೇಶದ ಊಟ ಮುಗಿಸಿ ಬಂದ ರಾತ್ರಿ ನಮ್ಮ ಮನೆಯಲ್ಲಿ ನಾಲ್ಕು ಜನರ ಹೊಟ್ಟೆ ಸರಿ ಇರಲಿಲ್ಲ. ಭಾವನಿಗೆ ಹೊಟ್ಟೆ ಉಬ್ಬರ. ಅತ್ತೆಗೆ ಎದೆ ಉರಿ, ಹುಳಿತೇಗು. ನನಗೆ ಓಕರಿಕೆ. ಎಂಟು ವರ್ಷದ ಮಗನಿಗೆ ಸರಿರಾತ್ರಿಯ ಹೊತ್ತಿಗೆ ಭೇದಿ ಶುರುವಾಯಿತು. ಅಮ್ಮ ದೊಡ್ಡ ಪಾತ್ರೆಯಲ್ಲಿ ಜೀರಿಗೆ, ಕಾಳುಮೆಣಸು, ಶುಂಠಿ ಹಾಕಿ ಕಷಾಯ ಕುದಿಸಿ ಎಲ್ಲರಿಗೂ ಒಂದೊಂದು ಲೋಟ ಕೊಟ್ಟರು.

ಭಾವ ಅರ್ಧ ಗಂಟೆಯಲ್ಲಿ ಎರಡು ಸಲ ತೇಗಿ, ಮಲಗಿ, ಗೊರಕೆ ಹೊಡೆದರು. ನನ್ನ ಓಕರಿಕೆಯೂ ಇಳಿಯಿತು. ಅತ್ತೆಗೆ ಮಾತ್ರ ಉರಿ ಇನ್ನೂ ಜಾಸ್ತಿಯಾಗಿ, ಬೆಳಗಿನವರೆಗೂ ದಿಂಬಿಗೆ ಒರಗಿ ಕೂತಿದ್ದರು. ಮಗನಿಗೆ ಕಷಾಯದಿಂದ ಏನೂ ಆಗಲಿಲ್ಲ. ಅವನಿಗೆ ಬೇಕಿದ್ದದ್ದೇ ಬೇರೆ.

ಆವತ್ತಿನಿಂದ ಯಾರಾದರೂ "ಹೊಟ್ಟೆ ಸರಿ ಇಲ್ಲ" ಅಂದರೆ ನಾನು ಡಬ್ಬಿ ತೆಗೆಯುವ ಮೊದಲು "ಏನಾಗ್ತಿದೆ?" ಅಂತ ಕೇಳುತ್ತೇನೆ. ನಮ್ಮಲ್ಲಿ ‘ಗ್ಯಾಸ್ಟ್ರಿಕ್’ ಅನ್ನುವ ಒಂದೇ ಮಾತಿನೊಳಗೆ ಉಬ್ಬರ, ಉರಿ, ನುಲಿತ, ಎದೆ ನೋವು ಎಲ್ಲವೂ ಸೇರಿಕೊಂಡುಬಿಟ್ಟಿವೆ. ಉತ್ತರ ಕರ್ನಾಟಕದ ಕಡೆ ‘ಬಟ್ಟಿ ಬಿದ್ದಿದೆ’ ಅಂದರೂ ಹೆಚ್ಚೂಕಮ್ಮಿ ಹಾಗೇ. ಹೆಸರು ಒಂದೇ ಆದರೂ ಒಳಗೆ ನಡೆಯುತ್ತಿರುವುದು ಒಂದೇ ಅಲ್ಲ. ಹಾಗಾಗಿ ಕೆಳಗಿನ ಹೋಲಿಕೆಯನ್ನು ತೊಂದರೆಯಿಂದ ಶುರು ಮಾಡಿದ್ದೇನೆ, ಮದ್ದಿನಿಂದ ಅಲ್ಲ.

ಉಬ್ಬರ: ಓಮವೋ, ಜೀರಿಗೆಯೋ, ಇಂಗೋ?

ಊಟ ಜಾಸ್ತಿಯಾಗಿ ಹೊಟ್ಟೆ ಡೋಲಿನ ಹಾಗೆ ಆಗಿದ್ದರೆ ನನ್ನ ಓಟು ಓಮಕ್ಕೆ. ಕಾಲು ಚಮಚ ಓಮಕ್ಕೆ ಎರಡು ಹರಳು ಉಪ್ಪು ಸೇರಿಸಿ, ಚೆನ್ನಾಗಿ ಅಗಿದು, ಮೇಲೆ ಬಿಸಿನೀರು ಕುಡಿದರೆ ಸಾಕು. ಮೂರರಲ್ಲಿ ಬೇಗ ಕೆಲಸ ಮಾಡುವುದು ಇದೇ. ಓಮದ ಆ ಘಾಟು ವಾಸನೆ ಥೈಮಾಲ್ ಅನ್ನುವ ಎಣ್ಣೆಯಂಶದ್ದು. ಬಾಯಿ ಮುಕ್ಕಳಿಸುವ ಕೆಲವು ಔಷಧಿಗಳಲ್ಲಿ ಇರುವುದೂ ಇದೇ. ಮನೆಯಲ್ಲಿ ಓಮ ಮುಗಿದಿದ್ದರೆ ಕುಂಡದಲ್ಲಿರುವ ದೊಡ್ಡಪತ್ರೆಯ ಎರಡು ಎಲೆ ಅಗಿಯಬಹುದು. ಎರಡೂ ಬೇರೆ ಬೇರೆ ಗಿಡ, ಆದರೆ ದೊಡ್ಡಪತ್ರೆಯಲ್ಲೂ ಅದೇ ಜಾತಿಯ ಎಣ್ಣೆಗಳಿವೆ. ಅದಕ್ಕೇ ಪೇಟೆಯಲ್ಲಿ ಎಷ್ಟೋ ಜನ ಅದನ್ನು ಓಮದ ಗಿಡ ಅಂತಲೇ ಮಾರುತ್ತಾರೆ.

ಓಮದ ತೊಂದರೆ ಅದರ ಖಾರ. ಎದೆ ಉರಿ ಇರುವವರು ಮುಟ್ಟಬಾರದು. ಬಸುರಿಯರೂ ಅಡುಗೆಯಲ್ಲಿ ಬೀಳುವಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು.

ಜೀರಿಗೆ ನಿಧಾನ, ಆದರೆ ಮೆದು. ಒಂದು ಚಮಚ ಜೀರಿಗೆಯನ್ನು ಸುಮ್ನೆ ಬೆಚ್ಚಗೆ ಹುರಿದು, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಸೋಸಿ. ಮಕ್ಕಳು, ವಯಸ್ಸಾದವರು ಎಲ್ಲರೂ ಕುಡಿಯಬಹುದು. ದಿನಾ ಊಟದ ಮೇಲೆ ಕುಡಿದರೂ ಕಾಟ ಕೊಡುವುದಿಲ್ಲ. ತಡೆದುಕೊಳ್ಳುವಷ್ಟು ಉಬ್ಬರ ಇದ್ದರೆ ಜೀರಿಗೆ, ಕೂರಲೂ ಆಗುತ್ತಿಲ್ಲ ಅಂದರೆ ಓಮ.

ಇನ್ನು ಇಂಗು. ನನ್ನ ಅನುಭವದಲ್ಲಿ ಇಂಗು ಉಬ್ಬರ ಬಂದ ಮೇಲೆ ಕೊಡುವ ಮದ್ದಿಗಿಂತ ಉಬ್ಬರ ಬಾರದ ಹಾಗೆ ಒಗ್ಗರಣೆಗೆ ಹಾಕುವ ವಸ್ತು. ಅವರೆಕಾಳು, ಹುರುಳಿ, ಅಲಸಂದೆ ಬೇಯಿಸುವಾಗ ಅದರ ಬೆಲೆ ಗೊತ್ತಾಗುತ್ತದೆ. ಉಬ್ಬರ ಬಂದಾಗಲೇ ಬೇಕಾದರೆ ನೀರು ಮಜ್ಜಿಗೆಗೆ ಚಿಟಿಕೆ ಇಂಗು, ಉಪ್ಪು ಹಾಕಿ ಕುಡಿಯಿರಿ. ಅಂಗಡಿಯ ಡಬ್ಬಿ ಇಂಗಿನಲ್ಲಿ ಇಂಗಿನ ಅಂಟಿಗಿಂತ ಮೈದಾ ಅಥವಾ ಅಕ್ಕಿ ಹಿಟ್ಟು, ಗೋಂದು ಜಾಸ್ತಿ. ಗೋಧಿ ಆಗದವರು ಡಬ್ಬಿಯ ಹಿಂದೆ ಬರೆದಿರುವುದನ್ನು ಓದಬೇಕು. ನಮ್ಮ ಸಾರಿನ ಇಂಗು ಬರುವುದು ಮುಖ್ಯವಾಗಿ ಅಫ್ಘಾನಿಸ್ತಾನ, ಇರಾನ್ ಕಡೆಯಿಂದ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದನ್ನು ಬೆಳೆಸಲು ಸಸಿ ನೆಟ್ಟದ್ದು 2020ರಲ್ಲಷ್ಟೇ. ಇಷ್ಟು ಶತಮಾನ ನಾವು ಹೊರಗಿನ ಇಂಗನ್ನೇ ತಿಂದು ನಮ್ಮದು ಅಂದುಕೊಂಡಿದ್ದೆವು.

ಎದೆ ಉರಿ: ತಣ್ಣನೆ ಹಾಲು, ಸೋಡಾ, ಮಜ್ಜಿಗೆ

ಇಲ್ಲಿ ಮೇಲಿನ ಲೆಕ್ಕ ತಲೆಕೆಳಗು. ಖಾರ, ಘಾಟು ಯಾವುದೂ ಬೇಡ. ಶುಂಠಿ, ಮೆಣಸು, ಓಮ ಮೂರೂ ಬದಿಗಿರಲಿ. ಪುದೀನವೂ ಬೇಡ. ಪುದೀನ ತಂಪು ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಅದು ಕರುಳಿನ ಸ್ನಾಯುವನ್ನು ಸಡಿಲ ಮಾಡುತ್ತದೆ. ನುಲಿತ ಇದ್ದರೆ ಅದರಿಂದ ಹಿತ. ಆದರೆ ಅನ್ನನಾಳದ ಬುಡದಲ್ಲಿ ಆಮ್ಲ ಮೇಲೆ ಬರದ ಹಾಗೆ ಬಿಗಿಯಾಗಿ ಮುಚ್ಚಿಕೊಂಡಿರಬೇಕಾದ ಸ್ನಾಯುವನ್ನೂ ಸಡಿಲ ಮಾಡುತ್ತದೆ. ಬಾಯಿಗೆ ತಂಪು, ಎದೆಗೆ ಬೆಂಕಿ. ನಾನೇ ಒಂದು ಬೇಸಿಗೆಯೆಲ್ಲ ಎದೆ ಉರಿಗೆ ಅಂತ ಪುದೀನ ಪಾನಕ ಕುಡಿದು, ಉರಿ ಯಾಕೆ ಹೋಗುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ.

ತಣ್ಣನೆ ಹಾಲು ಕುಡಿದ ತಕ್ಷಣ ಹಿತ ಅನಿಸುವುದು ನಿಜ. ಆದರೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆಯಲ್ಲಿ ಮತ್ತೆ ಆಮ್ಲ ಹುಟ್ಟಿಸುತ್ತವೆ. ಯಾವಾಗಲೋ ಒಂದು ದಿನಕ್ಕೆ ಅರ್ಧ ಲೋಟ ಸರಿ. ದಿನಾ ರಾತ್ರಿಯ ಅಭ್ಯಾಸ ಆದರೆ ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಅಡುಗೆ ಸೋಡಾ ಅಥವಾ ಈನೋ ಥರದ ಪುಡಿ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಕ್ಷಾರ, ಆಮ್ಲ ಸೇರಿ ಗಾಳಿ ಏಳುತ್ತದೆ, ದೊಡ್ಡ ತೇಗು ಬರುತ್ತದೆ, ಸಮಾಧಾನ. ಬೆಲೆ ಕೊಡಬೇಕಾದ್ದು ಸೋಡಿಯಂ ರೂಪದಲ್ಲಿ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇದೆ. ದೊಡ್ಡವರಿಗೆ ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೇ 2,000 ಮಿಲಿಗ್ರಾಂ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಇದನ್ನು ಮನೆಮದ್ದು ಅಂದುಕೊಳ್ಳಲೇಬಾರದು.

ನಾನು ಆರಿಸುವುದು ಹುಳಿಯಿಲ್ಲದ, ಕಡೆದ, ತೆಳು ಮಜ್ಜಿಗೆ. ಮಜ್ಜಿಗೆ ಹುಳಿ ಬಂದಿದ್ದರೆ ಬೇಡ. ಆದರೆ ನಿಜ ಹೇಳಬೇಕೆಂದರೆ ಎದೆ ಉರಿಗೆ ಡಬ್ಬಿಯಲ್ಲಿರುವ ಯಾವ ವಸ್ತುವಿಗಿಂತಲೂ ಮಲಗುವ ರೀತಿ ಮುಖ್ಯ. ಊಟವಾಗಿ ಎರಡು ಮೂರು ಗಂಟೆ ಮಲಗಬೇಡಿ. ಮಲಗುವಾಗ ತಲೆಯ ಕಡೆ ಎತ್ತರ ಮಾಡಿ, ಎಡ ಮಗ್ಗುಲಿಗೆ ತಿರುಗಿ. ಎಡ ಮಗ್ಗುಲಲ್ಲಿ ಜಠರ ಅನ್ನನಾಳಕ್ಕಿಂತ ಕೆಳಗೆ ಉಳಿಯುತ್ತದೆ, ಆಮ್ಲ ಮೇಲೆ ಹರಿಯುವುದು ಕಡಿಮೆ. ನಮ್ಮ ಹಿರಿಯರು ವಾಮಕುಕ್ಷಿ ಅಂದದ್ದು ಎಡ ಮಗ್ಗುಲ ವಿಶ್ರಾಂತಿಗೇ. ನಾವು ಎಡವನ್ನು ಮರೆತು ನಿದ್ದೆಯನ್ನು ಮಾತ್ರ ಇಟ್ಟುಕೊಂಡೆವು.

ಓಕರಿಕೆ

ಇಲ್ಲಿ ಜಾಸ್ತಿ ಯೋಚನೆ ಬೇಡ, ಶುಂಠಿ. ಬಸುರಿಯರ ಬೆಳಗಿನ ಓಕರಿಕೆಗೂ ಅದು ಸಹಾಯ ಮಾಡುತ್ತದೆ ಅಂತ ಸಂಶೋಧನೆಗಳಲ್ಲಿ ಕಂಡಿದೆ. ಬೆರಳ ತುದಿಯಷ್ಟು ಹಸಿ ಶುಂಠಿ ಜಜ್ಜಿ ಬಿಸಿನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಬಸ್ಸಿನಲ್ಲಿ ಘಾಟಿ ಇಳಿಯುವಾಗ ನಿಂಬೆಹಣ್ಣು ಮೂಸುವುದು ಸುಲಭ, ಖರ್ಚಿಲ್ಲ. ಆದರೆ ವಾಂತಿ ಶುರುವಾದ ಮೇಲೆ ಖಾಲಿ ಹೊಟ್ಟೆಗೆ ಗಟ್ಟಿ ನಿಂಬೆ ಷರಬತ್ತು ಸುರಿಯಬೇಡಿ.

ಭೇದಿ: ನಿಲ್ಲಿಸುವುದು ಮೊದಲೋ, ತುಂಬಿಸುವುದು ಮೊದಲೋ?

ಮನೆಮದ್ದಿನಲ್ಲಿ ನಾವು ಹೆಚ್ಚು ತಪ್ಪುವುದು ಇಲ್ಲಿ. ಲೂಸ್ ಮೋಷನ್ ಅಂದ ತಕ್ಷಣ ಎಲ್ಲರ ತಲೆ ಓಡುವುದು ಹೇಗೆ ನಿಲ್ಲಿಸುವುದು ಅಂತ. ಮಾಮೂಲಿ ಭೇದಿ ಎರಡು ಮೂರು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಜನ ಸುಸ್ತಾಗುವುದು ಮೈಯಿಂದ ಹೋದ ನೀರು, ಉಪ್ಪಿನಿಂದ. ಮಕ್ಕಳ ಜೀವಕ್ಕೆ ಕುತ್ತು ತರುವುದೂ ಅದೇ. ಹಾಗಾಗಿ ಮೊದಲ ಹೋಲಿಕೆ ಏನು ಕುಡಿಯಬೇಕು ಅನ್ನುವುದು. ಏನು ತಿನ್ನಬೇಕು ಆಮೇಲೆ.

ಓಆರ್‌ಎಸ್ (ಅಳತೆಯಲ್ಲಿ ಸಕ್ಕರೆ, ಉಪ್ಪು ಬೆರೆಸಿದ ನೀರು) ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಅದು ಮನೆಮದ್ದೇ ಅಲ್ಲ ಅನ್ನಬಹುದು, ಆದರೆ ಹುಟ್ಟಿದ್ದು ಹೆಚ್ಚುಕಡಿಮೆ ಅಡುಗೆಮನೆಯ ಸಾಮಾನಿನಿಂದಲೇ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೇ ಹೋಯಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ.

ಭೇದಿಯಾಗುವಾಗಲೂ ಕರುಳಿನ ಒಂದು ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ. ಅಲ್ಲಿ ಸಕ್ಕರೆ, ಉಪ್ಪು ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಬರೀ ನೀರು, ಬರೀ ಸಕ್ಕರೆ ನೀರು, ಬರೀ ಉಪ್ಪು ನೀರು ಅಷ್ಟು ಚೆನ್ನಾಗಿ ಹೋಗುವುದಿಲ್ಲ. ಅಳತೆಯಲ್ಲೇ ಎಲ್ಲ ಇರುವುದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಇರುತ್ತವೆ.

ಪೊಟ್ಟಣ ತರುವಾಗ ಎರಡು ವಿಷಯ ನೋಡಿ. ಒಂದು ಲೀಟರಿನ ಪೊಟ್ಟಣವೂ ಇದೆ, 200 ಮಿಲಿಲೀಟರಿನ ಚಿಕ್ಕದೂ ಇದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿದರೆ ಉಪ್ಪು ಮಿತಿಮೀರುತ್ತದೆ, ಅದು ಅಪಾಯ. "ಸ್ವಲ್ಪ ಪುಡಿ ಈಗ, ಉಳಿದದ್ದು ಆಮೇಲೆ" ಅನ್ನುವುದೂ ಬೇಡ. ಪೂರ್ತಿ ಪೊಟ್ಟಣ, ಪೂರ್ತಿ ನೀರು, 24 ಗಂಟೆ ಕಳೆದ ಮೇಲೆ ಉಳಿದದ್ದು ಸಿಂಕಿಗೆ. ಎರಡನೆಯದು, ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಹೆಸರಲ್ಲಿ ಆ ಮೂರು ಅಕ್ಷರ ಇಟ್ಟುಕೊಂಡು ಬರುತ್ತಿದ್ದ ಅಂಥ ಪಾನೀಯಗಳಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ತಡೆ ಹಾಕಿತು. ಸಕ್ಕರೆ ಜಾಸ್ತಿಯಾದರೆ ಅದೇ ಕರುಳೊಳಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಬಾಟಲಿ ಜ್ಯೂಸು, ಕೂಲ್‌ಡ್ರಿಂಕ್ಸಿಗೂ ಇದೇ ಮಾತು.

ಪೊಟ್ಟಣ ಇಲ್ಲ, ಮೆಡಿಕಲ್ ಶಾಪು ಮುಚ್ಚಿದೆ. ಆಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಬೆರಳಿನಿಂದ ಸವರಿ ಸಮ ಮಾಡಿ. ಕುಡಿದು ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು.

ಗಂಜಿ ತಿಳಿಗೆ ನನ್ನ ಎರಡನೇ ಸ್ಥಾನ. ಮೆತ್ತಗೆ ಬೇಯಿಸಿದ ಅಕ್ಕಿಯ ತಿಳಿಗೆ ಉಪ್ಪು ಹಾಕಿದರೆ ಅದರ ಪಿಷ್ಟ ನಿಧಾನವಾಗಿ ಗ್ಲೂಕೋಸ್ ಆಗುತ್ತಾ ಅದೇ ಬಾಗಿಲಿನಿಂದ ಉಪ್ಪು, ನೀರನ್ನು ಒಳಗೆ ಕರೆದೊಯ್ಯುತ್ತದೆ. ಕರಾವಳಿಯವರು ಕುಚಲಕ್ಕಿ ಗಂಜಿ ಬಿಟ್ಟರೆ ಬೇರೆ ಮದ್ದಿಲ್ಲ ಅನ್ನುವುದು ಬರೀ ಅಭಿಮಾನ ಅಲ್ಲ. ಉಪ್ಪಿನಕಾಯಿಯ ಖಾರ ಮಾತ್ರ ಎರಡು ದಿನ ದೂರ ಇರಲಿ.

ಎಳನೀರು ಮೂರನೆಯದು. ಇದನ್ನು ಕೇಳಿದರೆ ಮಂಡ್ಯ, ತುಮಕೂರಿನವರು ನನ್ನ ಮೇಲೆ ಸಿಟ್ಟಾಗಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಭೇದಿಯಲ್ಲಿ ಹೆಚ್ಚು ಕಳೆದುಹೋಗುವ ಸೋಡಿಯಂ ಕಡಿಮೆ. ದೊಡ್ಡವರಿಗೆ ಸಣ್ಣ ಭೇದಿ ಆಗಿದ್ದರೆ ಚಿಟಿಕೆ ಉಪ್ಪು ಹಾಕಿಕೊಂಡು ಕುಡಿಯಲಿ. ಮಗುವಿಗೆ ನಾಲ್ಕೈದು ಸಲ ಆಗಿದ್ದರೆ ಬರೀ ಎಳನೀರು ನಂಬಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಅದೇ ಪೊಟ್ಯಾಸಿಯಂ ಅಪಾಯ. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಸರಿಯೇ. ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಒಂದಿಷ್ಟು ತಿಂದು ಮುಗಿಸಿರುತ್ತದೆ. ಹಾಗಾಗಿ ಭೇದಿಯಾದ ಕರುಳಿಗೆ ಹಾಲು ಒಗ್ಗದಿದ್ದರೂ ಮಜ್ಜಿಗೆ ಒಗ್ಗುತ್ತದೆ.

ಎಷ್ಟು ಕುಡಿಸಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಓಆರ್‌ಎಸ್ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ದೊಡ್ಡವರು ಬೇಕೆನಿಸಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನಕ್ಕೆ ಮತ್ತೆ ಶುರು ಮಾಡಿ. ನನ್ನ ಮಗ ಆವತ್ತು ಮೂರು ಸಲ ಕಕ್ಕಿದ. ಲೋಟ ಬಿಟ್ಟು ಚಮಚಕ್ಕೆ ಬಂದ ಮೇಲೆ ಹೊಟ್ಟೆಯಲ್ಲಿ ನಿಂತಿತು. ಮೊಲೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬಾರದು. ಊಟ ಬಿಡಿಸಿ ಉಪವಾಸ ಹಾಕುವುದೂ ಹಳೆಯ ತಪ್ಪು. ಮೆತ್ತನೆ ಅನ್ನ ಮೊಸರು, ಬಾಳೆಹಣ್ಣು, ಇಡ್ಲಿ ತಿನ್ನಲಿ. ಮಕ್ಕಳಿಗೆ ಡಾಕ್ಟರು ಜಿಂಕ್ ಕೊಟ್ಟಿದ್ದರೆ ಭೇದಿ ನಿಂತರೂ ಹೇಳಿದಷ್ಟು ದಿನ ಮುಗಿಸಿ.

ಕುಡಿಸುವ ವಿಷಯ ಆಯಿತು. ಈಗ ಕಟ್ಟುವ ಮದ್ದು. ಮಲೆನಾಡಿನಲ್ಲಿ ಹುಟ್ಟಿದವಳಾದ್ದರಿಂದ ನನಗೆ ಇಲ್ಲಿ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ದಾಳಿಂಬೆ ಸಿಪ್ಪೆಯ ತಂಬುಳಿಗೆ ಸಮ ಇಲ್ಲ. ಒಣಗಿಸಿಟ್ಟ ಸಿಪ್ಪೆಯ ಎರಡು ಚೂರು, ಅರ್ಧ ಚಮಚ ಜೀರಿಗೆ, ಎರಡು ಕಾಳುಮೆಣಸು ತುಪ್ಪದಲ್ಲಿ ಹುರಿದು, ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಮೆತ್ತನೆ ಅನ್ನಕ್ಕೆ ಕಲಸಿ ತಿಂದರೆ ಮದ್ದೂ ಆಯಿತು, ಊಟವೂ ಆಯಿತು. ಸಿಪ್ಪೆ ಜಾಸ್ತಿ ಹಾಕಿದರೆ ಕಹಿ. ಸಿಪ್ಪೆ ಸಿಗದಿದ್ದರೆ ಪೇರಲೆ ಕುಡಿ, ನೇರಳೆ ಕುಡಿಯಲ್ಲೂ ಹೀಗೇ ಮಾಡಬಹುದು. ಇವೆಲ್ಲದರ ಗುಣ ಆ ಒಗರಿನಲ್ಲಿದೆ, ಟ್ಯಾನಿನ್ ಅನ್ನುತ್ತಾರಲ್ಲ ಅದು. ಹಾಲು ಹಾಕದ ಟೀ ಡಿಕಾಕ್ಷನ್ ಕುಡಿದರೆ ಸಿಗುವುದೂ ಇದೇ ಒಗರು. ಪೇಟೆಯ ಹಾಸ್ಟೆಲಿನಲ್ಲಿ ಇರುವವರಿಗೆ ಅದೇ ಸುಲಭ.

ಮೆಂತ್ಯದ ದಾರಿ ಬೇರೆ. ಅರ್ಧ ಚಮಚ ಮೆಂತ್ಯವನ್ನು ಮಜ್ಜಿಗೆಯಲ್ಲಿ ನುಂಗಿದರೆ ಅದರ ಲೋಳೆ ನೀರನ್ನು ಹೀರಿಕೊಂಡು ಉಬ್ಬುತ್ತದೆ, ಮಲ ಗಟ್ಟಿಯಾಗುತ್ತದೆ. ಶುಗರ್ ಮಾತ್ರೆ ನುಂಗುವವರು ಊಟ ಕಡಿಮೆಯಾದ ದಿನ ಇದನ್ನು ಮಿತಿಯಲ್ಲಿಡಲಿ, ಸಕ್ಕರೆ ಅಂಶ ಇಳಿದೀತು. ನುಲಿತದ ಜೊತೆ ಭೇದಿ ಇದ್ದರೆ ನಾನು ಮೆಂತ್ಯಕ್ಕಿಂತ ತಂಬುಳಿ ಆರಿಸುತ್ತೇನೆ. ಬರೀ ನೀರಾಗಿ ಹೋಗುತ್ತಿದ್ದರೆ ಮೊದಲು ಓಆರ್‌ಎಸ್, ಆಮೇಲೆ ಇವುಗಳಲ್ಲಿ ಯಾವುದಾದರೂ.

ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಕಟ್ಟುವ ಯಾವ ಮದ್ದೂ ಬೇಡ. ಮನೆಯದೂ ಬೇಡ, ಮೆಡಿಕಲ್ ಶಾಪಿನ ಮಾತ್ರೆಯೂ ಬೇಡ.

ಹೊಟ್ಟೆ ಕಟ್ಟಿದಾಗ

ಇಸಬಗೋಲು, ಬಾಳೆಹಣ್ಣು, ಹರಳೆಣ್ಣೆ ಮೂರರಲ್ಲಿ ಇಸಬಗೋಲು ಗೆಲ್ಲುತ್ತದೆ. ಅದಕ್ಕೆ ಒಂದು ದೊಡ್ಡ ಲೋಟ ನೀರು ಬೇಕೇ ಬೇಕು. ನೀರು ಸಾಲದಿದ್ದರೆ ಅದೇ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು. ಇದೇ ಇಸಬಗೋಲನ್ನು ಮೊಸರಲ್ಲಿ ಕಲಸಿ ಭೇದಿಗೂ ಕೊಡುತ್ತಾರೆ. ನೀರನ್ನು ಹಿಡಿದಿಟ್ಟುಕೊಳ್ಳುವ ಒಂದೇ ಗುಣ ಎರಡೂ ಕಡೆ ಕೆಲಸಕ್ಕೆ ಬರುತ್ತದೆ. ಬಾಳೆಹಣ್ಣು ಚೆನ್ನಾಗಿ ಕಳಿತಿರಬೇಕು, ಕಾಯಿ ಬಾಳೆ ಇನ್ನಷ್ಟು ಕಟ್ಟುತ್ತದೆ. ಹರಳೆಣ್ಣೆ ಜೋರು. ಹಿಂದೆ ಮಕ್ಕಳ ಮೂಗು ಹಿಡಿದು ಕುಡಿಸುತ್ತಿದ್ದರು, ಈಗ ಅದರ ಅಗತ್ಯ ಇಲ್ಲ. ಬಸುರಿಯರಿಗೆ, ಕಾರಣ ಗೊತ್ತಿಲ್ಲದ ಹೊಟ್ಟೆ ನೋವಿಗೆ ಅಂತೂ ಕೊಡಲೇಬಾರದು.

ಹಸುಗೂಸಿಗೆ

ಇಲ್ಲಿ ಹೋಲಿಕೆಯೇ ಇಲ್ಲ. ಆರು ತಿಂಗಳವರೆಗೆ ಮೊಲೆಹಾಲು, ಭೇದಿಯಾದಾಗಿನ ಓಆರ್‌ಎಸ್, ಡಾಕ್ಟರು ಕೊಟ್ಟ ಔಷಧಿ ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಬಜೆ ತೇಯ್ದು ನೆಕ್ಕಿಸುವುದು ನಮ್ಮ ಕಡೆ ಇನ್ನೂ ಇದೆ. ಬಜೆಯ ಎಣ್ಣೆಯಲ್ಲಿರುವ ಅಂಶ ಒಳ್ಳೆಯದಲ್ಲ ಅಂತ ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರಕ್ಕೆ ಬಳಸುವುದನ್ನು ನಿಷೇಧಿಸಿದರು. ಜಾಯಿಕಾಯಿ ಕೊಟ್ಟರೆ ಮಗು ಮಲಗುತ್ತದೆ ಅನ್ನುತ್ತಾರೆ. ಅದು ಅಮಲು ಬರಿಸುವ ಗುಣ, ಜೀರ್ಣದ ಗುಣ ಅಲ್ಲ. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ. ಅಜ್ಜಿಗೆ ಬೇಜಾರಾಗಬಾರದು ಅಂದರೆ ಇಂಗಿನ ನೀರನ್ನು ಹೊಕ್ಕುಳ ಸುತ್ತ ಹಚ್ಚಲು ಹೇಳಿ. ಮಗುವನ್ನು ಹೆಗಲಿಗೆ ಹಾಕಿ ತೇಗಿಸಿ, ಹೊಟ್ಟೆ ಮೆಲ್ಲಗೆ ನೀವಿ.

ಡಬ್ಬಿ ಮುಚ್ಚಿ ಹೊರಡಬೇಕಾದಾಗ

ಆರೆಂಟು ಗಂಟೆ ಮೂತ್ರ ಆಗದಿದ್ದರೆ, ಮಗು ಅತ್ತರೆ ಕಣ್ಣೀರು ಬರದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ, ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿದ್ದರೆ ಆಸ್ಪತ್ರೆ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕೆ ಇಳಿದು, ಕೆಮ್ಮಿದರೂ ನಡೆದರೂ ಚುಚ್ಚುತ್ತಿದ್ದರೆ ಅದು ಅಪೆಂಡಿಕ್ಸ್ ಇರಬಹುದು. ಮಳೆಗಾಲದಲ್ಲಿ ಇನ್ನೊಂದು ಇದೆ. ಜ್ವರ ಇಳಿಯುತ್ತಿದೆ ಅನ್ನುವಾಗಲೇ ಜೋರು ಹೊಟ್ಟೆ ನೋವು, ಬಿಡದ ವಾಂತಿ ಬಂದರೆ ಡೆಂಗಿಯ ಎಚ್ಚರಿಕೆ. ಅಜೀರ್ಣ ಅಂತ ಕಷಾಯ ಕುದಿಸುತ್ತಾ ಕೂರಬಾರದು.

ಕೊನೆಯದು ಅದೇ ‘ಗ್ಯಾಸ್ಟ್ರಿಕ್’ ಅನ್ನುವ ಮಾತು. ಎದೆಯ ಮೇಲೆ ಕಲ್ಲಿಟ್ಟ ಹಾಗೆ ಭಾರ, ತಣ್ಣನೆ ಬೆವರು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ಉಸಿರು ಸಾಲದ ಹಾಗೆ ಅನಿಸುವುದು. ಇದು ಹೃದಯಾಘಾತ ಇರಬಹುದು. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಹೊಟ್ಟೆ ತೊಳಸಿದ ಹಾಗೆ, ಅಜೀರ್ಣದ ಹಾಗೆ ಕಾಣಿಸಿಕೊಳ್ಳುವುದೂ ಉಂಟು. ನಮ್ಮ ಬೀದಿಯಲ್ಲೇ ಒಬ್ಬರು ರಾತ್ರಿಯೆಲ್ಲ ಸೋಡಾ ಕುಡಿದು, ಓಡಾಡಿ, ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಅಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ, ಇಲ್ಲವೇ ಯಾರದಾದರೂ ಗಾಡಿ ಹತ್ತಿ, ಇಸಿಜಿ ಮಾಡಿಸಿ. ಗ್ಯಾಸೇ ಅಂತ ಗೊತ್ತಾದರೆ ಮನೆಗೆ ಬಂದು ಆರಾಮಾಗಿ ಓಮ ಅಗಿಯಬಹುದು.